ಟ್ರಂಪೆಟ್ ಟರ್ಕಿ ಕಾಲ್: ಮರದ್ದು ತಗೊಳ್ಳೋದಾ, ಅಕ್ರಿಲಿಕ್ಕಾ?

ಮಂಜಿನಹಾದಿ (ಪೆನ್ಸಿಲ್ವೇನಿಯಾ)

ಎಲ್ಲರಿಗೂ ನಮಸ್ಕಾರ. ಕಾಡು ಟರ್ಕಿ ಕೋಳಿಯ ಬೇಟೆಗೆ, ಅದರ ಕೂಗನ್ನು ಹೊರಡಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಸಾಧನಗಳಲ್ಲಿ (ಇವಕ್ಕೆ ಕಾಲ್ ಅನ್ನುತ್ತಾರೆ), ಇಷ್ಟು ವರ್ಷ ಪೆಟ್ಟಿಗೆಯಂಥ ಬಾಕ್ಸ್ ಕಾಲ್ ಮತ್ತು ಬಾಯೊಳಗೆ ಇಟ್ಟುಕೊಳ್ಳುವ ಡಯಾಫ್ರಮ್ ಕಾಲ್, ಇವೆರಡನ್ನೇ ಬಳಸುತ್ತಿದ್ದೆ. ಮುಂದಿನ ವಸಂತಕ್ಕೆ ಟ್ರಂಪೆಟ್ ಕಲಿಯಬೇಕು ಅಂತ ಮನಸ್ಸಾಗಿದೆ. ಇದನ್ನು ನೋಡದವರಿಗೆ ಎರಡು ಮಾತು: ಅಂಗೈಯಲ್ಲಿ ಹಿಡಿಯುವಷ್ಟು ಉದ್ದದ ಸಣ್ಣ ಕೊಳವೆ ಇದು. ಒಂದು ತುದಿಯಲ್ಲಿ ಸಪೂರ ಮೌತ್‌ಪೀಸ್, ಇನ್ನೊಂದು ತುದಿಯಲ್ಲಿ ಅಗಲ ಬಾಯಿ. ಇದನ್ನು ಊದುವುದಿಲ್ಲ, ತುಟಿಯಿಂದ ಗಾಳಿಯನ್ನು ಒಳಗೆ ಎಳೆಯುತ್ತಾರೆ. ತುಟಿ ಅದುರಿ ಹೆಣ್ಣು ಟರ್ಕಿಯ ಕೂಗು ಹೊರಡುತ್ತದೆ.

ನಾನು ನೋಡಿಟ್ಟಿರುವ ಮೇಕರ್ ಒಂದೇ ಮಾದರಿಯನ್ನು ಮೂರು ಬಗೆಯಲ್ಲಿ ಮಾಡಿಕೊಡುತ್ತಾರೆ: ಆಫ್ರಿಕನ್ ಬ್ಲ್ಯಾಕ್‌ವುಡ್, ವಾಲ್‌ನಟ್ ಅನ್ನುವ ಎರಡು ಮರ, ಮತ್ತು ಅಕ್ರಿಲಿಕ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಬ್ಲ್ಯಾಕ್‌ವುಡ್ ಎಲ್ಲಕ್ಕಿಂತ ದುಬಾರಿ. ಮರದ ದನಿ ಮೆತ್ತಗೆ, ಅಕ್ರಿಲಿಕ್ ದನಿ ಚೂಪು ಅಂತ ಬೇಟೆ ಗೆಳೆಯರು ಹೇಳುತ್ತಾರೆ. ಇದು ಎಷ್ಟು ನಿಜ? ನಮ್ಮ ಕಡೆ ಸೀಸನ್ ಶುರುವಾಗುವುದೇ ಮೇ ತಿಂಗಳ ಹೊತ್ತಿಗೆ. ಬೆಳಗಿನ ಜಾವ ಇಬ್ಬನಿ, ಎಷ್ಟೋ ದಿನ ಮಳೆ. ಮರದ್ದು ತಡೆಯುತ್ತಾ? ಕಲಿಯುವವನಿಗೆ ಯಾವುದು ಸಲೀಸು? ಮಾಡುವವರು, ಬಳಸುವವರು ಯಾರಿದ್ದರೂ ದಯವಿಟ್ಟು ಬರೆಯಿರಿ.

ಲೇತ್‌ರಾಯ (ಟೆನ್ನೆಸ್ಸೀ)

ಒಳ್ಳೆಯ ಪ್ರಶ್ನೆ. ನಾನು ಮನೆಯ ಗ್ಯಾರೇಜಿನಲ್ಲಿ ಲೇತ್ ಇಟ್ಟುಕೊಂಡು ಟ್ರಂಪೆಟ್ ಮಾಡುತ್ತೇನೆ. ಮರದಲ್ಲೂ ಮಾಡುತ್ತೇನೆ, ಅಕ್ರಿಲಿಕ್‌ನಲ್ಲೂ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಟ್ರಂಪೆಟ್ ಎಲ್ಲಿಂದ ಬಂತು ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಇದರ ಮೂಲ ರೂಪ ಟರ್ಕಿಯ ರೆಕ್ಕೆಯ ಮೂಳೆ. ರೆಕ್ಕೆಯಲ್ಲಿ ಮೂರು ಮೂಳೆ ಇರುತ್ತವೆ, ಒಂದಕ್ಕಿಂತ ಒಂದು ದಪ್ಪ. ಸಪೂರದ್ದನ್ನು ಬಾಯಿಗೆ, ನಡುವಿನದನ್ನು ಮಧ್ಯಕ್ಕೆ, ದಪ್ಪದ್ದನ್ನು ತುದಿಗೆ ಜೋಡಿಸಿ ಅಂಟು ಹಾಕಿದರೆ ವಿಂಗ್‌ಬೋನ್ ಕಾಲ್ ಸಿದ್ಧ. ಅಮೆರಿಕದ ಮೂಲನಿವಾಸಿಗಳು ಮೂಳೆಯ ಕೊಳವೆಯಿಂದಲೇ ಟರ್ಕಿ ಕರೆಯುತ್ತಿದ್ದರು. ಆಮೇಲೆ ಮೂಳೆಯ ಜೊತೆ ಬಿದಿರಿನ ಜಾತಿಯ ಕಡ್ಡಿ ಸೇರಿತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮೆಂಫಿಸ್‌ನ ಟಾಮ್ ಟರ್ಪಿನ್ ಅವರಂಥವರು ಲೇತ್‌ನಲ್ಲಿ ತಿರುಗಿಸಿದ ಮರದ ಯೆಲ್ಪರ್‌ಗಳಿಗೆ, ಅಂದರೆ ಇಂಥದೇ ಗಾಳಿ ಎಳೆದು ನುಡಿಸುವ ಕಾಲ್‌ಗಳಿಗೆ, ಹೆಸರಾದರು. ಅಕ್ರಿಲಿಕ್ ಮಾರುಕಟ್ಟೆಗೆ ಬಂದದ್ದೇ 1930ರ ದಶಕದಲ್ಲಿ. ಹಾಗಾಗಿ ಹಳೆಯ ಕಾಲ್‌ಗಳು ಮರದಲ್ಲಿವೆ ಅಂದ ಮಾತ್ರಕ್ಕೆ ಮರವೇ ಮೇಲು ಅಂತ ಆಗುವುದಿಲ್ಲ. ಅವರ ಕೈಗೆ ಆಗ ಸಿಗುತ್ತಿದ್ದದ್ದು ಅದು.

ಮೂಳೆ, ಕಡ್ಡಿ, ಮರ, ಎಲ್ಲದರಲ್ಲೂ ಟರ್ಕಿ ಬಂದಿದೆ. ಎಲ್ಲದರಲ್ಲೂ ಒಂದೇ ಆಗಿರುವುದು ಬೋರ್, ಅಂದರೆ ಕೊಳವೆಯ ಒಳಗಿನ ತೂತು. ಬಾಯಿಯ ಹತ್ತಿರ ಕಿರಿದು, ಮುಂದೆ ಹೋದ ಹಾಗೆ ಅಗಲ. ಮೌತ್‌ಪೀಸಿನ ತೂತು ಸಾಮಾನ್ಯವಾಗಿ 3 ಮಿಲಿಮೀಟರ್ ಆಸುಪಾಸು. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಆದರೂ ದನಿ ಬೇರೆಯಾಗುತ್ತದೆ. ಬೋರ್ ಎಲ್ಲಿ ಅಗಲವಾಗುತ್ತದೆ, ಮೆಟ್ಟಿಲಿನ ಹಾಗೆ ಥಟ್ಟನೆಯಾ ಅಥವಾ ನಿಧಾನವಾಗಿಯಾ, ಒಟ್ಟು ಉದ್ದ ಎಷ್ಟು, ಮೌತ್‌ಪೀಸಿನ ತುದಿ ಎಷ್ಟು ತೆಳು, ಇವೇ ಮುಖ್ಯ. ನಿಮ್ಮ ಮೇಕರ್ ಮೂರನ್ನೂ ಒಂದೇ ಅಳತೆಗೆ ಕೊರೆದಿದ್ದರೆ ದನಿಯ ವ್ಯತ್ಯಾಸ ನೀವು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ.

ಇನ್ನು ತೂಕದ ಲೆಕ್ಕ. ಅಕ್ರಿಲಿಕ್ ಒಂದು ಘನ ಸೆಂಟಿಮೀಟರಿಗೆ ಸುಮಾರು 1.18 ಗ್ರಾಂ ತೂಗುತ್ತದೆ. ಆಫ್ರಿಕನ್ ಬ್ಲ್ಯಾಕ್‌ವುಡ್ ಸುಮಾರು 1.2ರಿಂದ 1.27. ನೀರಿಗೆ ಹಾಕಿದರೆ ಎರಡೂ ಮುಳುಗುತ್ತವೆ. ಕೊಕೊಬೋಲೊ 1.1ರ ಆಸುಪಾಸು. ವಾಲ್‌ನಟ್ ಬರೀ 0.6. ಅಂದರೆ ನಿಮ್ಮ ಮೂರು ಆಯ್ಕೆಯಲ್ಲಿ ಬೇರೆ ಗುಂಪಿಗೆ ಸೇರಿದ್ದು ವಾಲ್‌ನಟ್. ಬ್ಲ್ಯಾಕ್‌ವುಡ್ಡೂ ಅಕ್ರಿಲಿಕ್ಕೂ ಗಟ್ಟಿತನದಲ್ಲಿ, ಕೊರೆದ ಮೇಲೆ ಒಳಗೆ ಸಿಗುವ ನಯದಲ್ಲಿ ಹತ್ತಿರ ಹತ್ತಿರ. ಎಲ್ಲರೂ ಮರ ಒಂದು ಕಡೆ, ಪ್ಲಾಸ್ಟಿಕ್ ಒಂದು ಕಡೆ ಅಂತ ಗೆರೆ ಎಳೆಯುತ್ತಾರೆ. ನನಗೆ ಆ ಗೆರೆ ಸರಿ ಕಾಣುವುದಿಲ್ಲ. ಗಟ್ಟಿ ಒಂದು ಕಡೆ, ಮೆದು ಒಂದು ಕಡೆ ಅಂತ ಎಳೆಯಬೇಕು.

ಜಾರ್ಜಿಯಾ ಪೂವಯ್ಯ (ಜಾರ್ಜಿಯಾ)

ಲೇತ್‌ರಾಯರೇ, ನಿಮ್ಮ ಕೈಕೆಲಸದ ಬಗ್ಗೆ ಗೌರವ ಇದೆ. ಆದರೆ ಇದನ್ನು ನಾನು ಒಪ್ಪುವುದಿಲ್ಲ. ವಾಲ್‌ನಟ್ ಟ್ರಂಪೆಟ್‌ನಲ್ಲಿ ಮುದಿ ಹೆಣ್ಣು ಟರ್ಕಿಯ ಒರಟು ಕೂಗು ಬರುತ್ತದಲ್ಲ, ಅದು ಅಕ್ರಿಲಿಕ್‌ನಲ್ಲಿ ನನಗೆ ಇದುವರೆಗೆ ಸಿಕ್ಕಿಲ್ಲ. ಅಕ್ರಿಲಿಕ್ ದನಿ ದೂರ ಹೋಗುತ್ತದೆ, ಸರಿ. ಆದರೆ ಹಕ್ಕಿ ಹತ್ತಿರ ಬಂದಾಗ, ಮರದ ಮರೆಯಲ್ಲಿ ನಿಂತು ಕತ್ತು ಚಾಚಿ ನೋಡುತ್ತಿರುವಾಗ, ಮೆತ್ತಗೆ ಎರಡು ಕ್ಲಕ್ (ಟರ್ಕಿಯ ಚಿಕ್ಕ ಒಂಟಿ ಕೂಗು) ಕೊಡಬೇಕು. ಆಗ ಕೈಯಲ್ಲಿ ಮರ ಇದ್ದರೆ ನನಗೆ ಧೈರ್ಯ. ಕೊಡಗಿನಲ್ಲಿ ಹುಟ್ಟಿ ಬೆಳೆದವನು, ಕಾಡಿನ ದನಿ ಕೇಳುವ ಅಭ್ಯಾಸ ಚಿಕ್ಕಂದಿನಿಂದ ಇದೆ. ನನ್ನ ಕಿವಿಯನ್ನು ನಾನು ನಂಬುತ್ತೇನೆ.

ಇನ್ನೊಂದು ವಿಷಯ. ಚಳಿಯ ಬೆಳಗ್ಗೆ ಅಕ್ರಿಲಿಕ್ ಮುಟ್ಟಿದರೆ ತಣ್ಣಗಿರುತ್ತದೆ. ಮರ ಹಾಗಲ್ಲ. ವೆಸ್ಟ್ ಜೇಬಿನಲ್ಲಿ ಬೇರೆ ಕಾಲ್‌ಗೆ ತಾಗಿದರೂ ವಾಲ್‌ನಟ್ ಜಾಸ್ತಿ ಸದ್ದು ಮಾಡುವುದಿಲ್ಲ.

ಪದ್ಮಾ ಕ್ಲಾರಿನೆಟ್ (ಒಹಾಯೋ)

ನಾನು ಬೇಟೆಯಾಡುವುದಿಲ್ಲ, ನನ್ನ ಗಂಡ ಹೋಗುತ್ತಾರೆ. ನಾನು ಕ್ಲಾರಿನೆಟ್ ನುಡಿಸುತ್ತೇನೆ. ಮರವಾ ಪ್ಲಾಸ್ಟಿಕ್ಕಾ ಅನ್ನುವ ಜಗಳ ನಮ್ಮಲ್ಲೂ ಇದೆ, ಇದಕ್ಕಿಂತ ಹಳೆಯದು. ಒಳ್ಳೆಯ ಕ್ಲಾರಿನೆಟ್‌ಗಳು ಲೇತ್‌ರಾಯರು ಹೇಳಿದ ಅದೇ ಆಫ್ರಿಕನ್ ಬ್ಲ್ಯಾಕ್‌ವುಡ್‌ನಲ್ಲೇ ಆಗುತ್ತವೆ.

1971ರಲ್ಲಿ ಜಾನ್ ಕೋಲ್ಟ್‌ಮನ್ ಅನ್ನುವ ಭೌತವಿಜ್ಞಾನಿ ಒಂದು ಪರೀಕ್ಷೆ ಪ್ರಕಟಿಸಿದರು. ಬೆಳ್ಳಿ, ತಾಮ್ರ, ಮರ ಮೂರರಲ್ಲೂ ಒಂದೇ ಒಳ ಅಳತೆಯ ಕೊಳಲು ಮಾಡಿ, ಕಣ್ಣಿಗೆ ಕಾಣದ ಹಾಗೆ ನುಡಿಸಿ ಕೇಳಿಸಿದರು. ಕೇಳಿದವರಿಗೆ ಯಾವುದು ಯಾವುದು ಅಂತ ಗುರುತಿಸಲು ಆಗಲಿಲ್ಲ. ನುಡಿಸಿದವರಿಗೂ ಆಗಲಿಲ್ಲ. ಕೊಳಲಿನಲ್ಲಿ ತುಟಿ ಅದುರುವುದಿಲ್ಲ, ಟ್ರಂಪೆಟ್ ಕಾಲ್‌ನಲ್ಲಿ ಅದುರುತ್ತದೆ, ಆ ವ್ಯತ್ಯಾಸ ಇದೆ. ಆದರೂ ಎರಡರಲ್ಲೂ ದನಿ ಆಗುವುದು ಒಳಗಿನ ಗಾಳಿಯಿಂದ. ಗೋಡೆ ಬೇಕಾದಷ್ಟು ದಪ್ಪ ಇದ್ದರೆ ಅದು ಯಾವುದರದ್ದು ಅನ್ನುವುದು ಗಾಳಿಗೆ ಅಷ್ಟೇನೂ ಗೊತ್ತಾಗುವುದಿಲ್ಲ.

ಹಾಗಂತ ಪೂವಯ್ಯನವರ ಕಿವಿ ಸುಳ್ಳು ಹೇಳುತ್ತಿದೆ ಅಂತ ನಾನು ಹೇಳುವುದಿಲ್ಲ. ವಾಲ್‌ನಟ್‌ನಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ, ಬರಿಗಣ್ಣಿಗೇ ಕಾಣುತ್ತವೆ. ಬೋರ್ ಒಳಗೆ ಫಿನಿಶ್ ಹಾಕದೆ ಬಿಟ್ಟರೆ ಗೋಡೆ ಒರಟಾಗಿ ಉಳಿಯುತ್ತದೆ. ಒರಟು ಗೋಡೆ ದನಿಯ ಶಕ್ತಿಯನ್ನು ಸ್ವಲ್ಪ ನುಂಗುತ್ತದೆ, ಅದರಲ್ಲೂ ಮೇಲಿನ ಸ್ವರಗಳನ್ನು. ಆಗ ಕೂಗು ಮೆತ್ತಗೆ ಕೇಳುವುದು ಸಹಜ. ಬೋರ್ ಒಳಗೆ ಎರಡು ಸಲ ಲ್ಯಾಕರ್ ಹಾಕಿ ನಯ ಮಾಡಿದರೆ ಆ ವ್ಯತ್ಯಾಸ ಬಹಳ ಮಟ್ಟಿಗೆ ಹೋಗುತ್ತದೆ.

ಇನ್ನೊಂದು ಗಮನಿಸಿ. ನುಡಿಸುವವರು ಹಲ್ಲು, ದವಡೆ, ಬೆರಳಿನ ಮೂಲಕವೂ ಕೇಳುತ್ತಾರೆ. ಆ ಅದುರುವಿಕೆ ಮರದಲ್ಲಿ ಬೇರೆ, ಅಕ್ರಿಲಿಕ್‌ನಲ್ಲಿ ಬೇರೆ. ದೂರ ಇರುವ ಹಕ್ಕಿಗೆ ಅದು ಯಾವುದೂ ತಲುಪುವುದಿಲ್ಲ. ನೀವು ಮೈದಾನದ ಈ ತುದಿಯಲ್ಲಿ ನಿಂತು ಬೇರೆಯವರ ಕೈಗೆ ಎರಡೂ ಕಾಲ್ ಕೊಟ್ಟು, ಬೆನ್ನು ತಿರುಗಿಸಿ ಕೇಳಿ. ಅದೇ ಸರಿಯಾದ ಪರೀಕ್ಷೆ.

ಜಾರ್ಜಿಯಾ ಪೂವಯ್ಯ

ಪದ್ಮಾ ಮೇಡಂ, ಬೋರ್ ಒಳಗೆ ಫಿನಿಶ್ ಹಾಕಿಲ್ಲ ಅನ್ನುವುದು ನನ್ನ ಕಾಲ್ ಮಟ್ಟಿಗೆ ನಿಜ. ಈಗಷ್ಟೇ ಟಾರ್ಚ್ ಬಿಟ್ಟು ನೋಡಿದೆ. ಬರೀ ಮರ. ನೀವು ಹೇಳಿದ ಪರೀಕ್ಷೆ ಮಗನ ಜೊತೆ ಮಾಡಿ ಬಂದು ಬರೆಯುತ್ತೇನೆ.

ನಸುಕು (ಓರೆಗಾನ್)

ಮಳೆ ಬಗ್ಗೆ ನಾನು ಹೇಳುತ್ತೇನೆ. ನಮ್ಮಲ್ಲಿ ಮಳೆಗೆ ಬರ ಇಲ್ಲ.

ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಅದರಲ್ಲೂ ಎರಡು ದಿಕ್ಕಿಗೆ ಬೇರೆ ಬೇರೆ ಪ್ರಮಾಣದಲ್ಲಿ. ಹಾಗಾಗಿ ದುಂಡಗೆ ಕೊರೆದ ತೂತು ತೇವ ಕುಡಿದ ಮೇಲೆ ತುಸು ಮೊಟ್ಟೆಯಾಕಾರ ಆಗುತ್ತದೆ. ದನಿಗೆ ಅದರಿಂದ ದೊಡ್ಡ ತೊಂದರೆ ಇಲ್ಲ. ತೊಂದರೆ ಆಗುವುದು ಜೋಡಣೆಯಲ್ಲಿ. ಮೌತ್‌ಪೀಸ್ ಕೂರುವ ಜಾಗ ಬಿಗಿಯಾಗುತ್ತದೆ, ತೆಗೆಯಲು ಬರುವುದಿಲ್ಲ. ಒಣಗಿದ ಮೇಲೆ ಜೋಡಣೆಗೆ ಹಾಕಿದ ಹಿತ್ತಾಳೆ ಬಳೆ ಸಡಿಲವಾಗುತ್ತದೆ. ಎಲ್ಲಾದರೂ ಗಾಳಿ ಸೋರಿತು ಅಂದರೆ ಕಾಲ್ ಸತ್ತಂತೆ, ಎಷ್ಟು ಎಳೆದರೂ ಸದ್ದು ಒಡೆಯುತ್ತದೆ. ಸೋರುವ ಟ್ರಂಪೆಟ್ ಹಿಡಿದು ತಮಗೇ ಬರುವುದಿಲ್ಲ ಅಂತ ಕಲಿಯುವುದನ್ನೇ ಬಿಟ್ಟವರು ಇದ್ದಾರೆ.

ಅಕ್ರಿಲಿಕ್ ಒಂದು ದಿನ ನೀರಿನಲ್ಲಿ ಇಟ್ಟರೂ ತನ್ನ ತೂಕದ ನೂರಕ್ಕೆ ಒಂದು ಪಾಲೂ ನೀರು ಕುಡಿಯುವುದಿಲ್ಲ. ಒರೆಸಿ ಜೇಬಿಗೆ ಹಾಕಿದರೆ ಆಯಿತು. ನನ್ನ ಓಟು ಅಕ್ರಿಲಿಕ್‌ಗೆ.

ಲೇತ್‌ರಾಯ

ನಸುಕು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಕ್ಲಾರಿನೆಟ್ ಒಡೆಯುವುದು ಬಾಯಿಯ ಬಿಸಿ ತೇವದ ಉಸಿರು ಒಳಗೆ ಹೋಗಿ ನೀರಾಗುವುದರಿಂದ. ಟ್ರಂಪೆಟ್ ಕಾಲ್‌ನಲ್ಲಿ ಗಾಳಿ ಉಲ್ಟಾ ಹರಿಯುತ್ತದೆ. ಹೊರಗಿನ ಗಾಳಿ ಬೆಲ್, ಅಂದರೆ ಅಗಲ ಬಾಯಿಯ ಕಡೆಯಿಂದ ಒಳಗೆ ಬಂದು ಬಾಯಿಗೆ ಹೋಗುತ್ತದೆ. ಎಂಜಲು ತಾಗುವುದು ಮೌತ್‌ಪೀಸ್‌ಗೆ ಮಾತ್ರ. ಆದ್ದರಿಂದ ಗಟ್ಟಿ ಮರದ ಬ್ಯಾರೆಲ್ (ಕೊಳವೆಯ ಮೈ) ಅಷ್ಟು ಬೇಗ ಹಾಳಾಗುವುದಿಲ್ಲ. ಮೇಕರ್ ಮರವನ್ನು ಸರಿಯಾಗಿ ಒಣಗಿಸಿರಬೇಕು, ಒಳಗೂ ಹೊರಗೂ ಫಿನಿಶ್ ಹಾಕಿರಬೇಕು, ಅಷ್ಟೇ. ಹಸಿ ಮರದಲ್ಲಿ ತಿರುಗಿಸಿದ್ದಾದರೆ ಎಂಥ ಜಾತಿಯ ಮರವಾದರೂ ಬಿರುಕು ಬಿಡುತ್ತದೆ.

ಮೆದು ಮರವೇ ಬೇಕು ಅನ್ನುವವರಿಗೆ ಸ್ಟೆಬಿಲೈಸ್ ಮಾಡಿದ ಮರ ಸಿಗುತ್ತದೆ. ಒಣ ಮರವನ್ನು ರೆಸಿನ್‌ನಲ್ಲಿ ಮುಳುಗಿಸಿ, ವ್ಯಾಕ್ಯೂಮ್ ಕೊಟ್ಟು ಒಳಗಿನ ಗಾಳಿ ತೆಗೆದು, ರೆಸಿನ್ ಹೀರಿಸಿ, ಆಮೇಲೆ ಓವನ್‌ನಲ್ಲಿ ಗಟ್ಟಿ ಮಾಡುತ್ತಾರೆ. ನೋಡಲು ಮರ, ನಡವಳಿಕೆಯಲ್ಲಿ ಅರ್ಧ ಪ್ಲಾಸ್ಟಿಕ್. ಗೆರೆ ಗೆರೆ ಇರುವ ಮೇಪಲ್‌ಗೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ.

ಆದರೆ ಅಕ್ರಿಲಿಕ್‌ಗೆ ಏನೂ ಆಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಬಿಸಿಗೆ ಅದು ಹಿತ್ತಾಳೆಗಿಂತ ಮೂರು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ, ಚಳಿಗೆ ಅಷ್ಟೇ ಕುಗ್ಗುತ್ತದೆ. ಗಡಸು ಅಂಟಿನಿಂದ ಕೂರಿಸಿದ ಹಿತ್ತಾಳೆ ಬಳೆ ಚಳಿಗಾಲ ಬೇಸಿಗೆ ಆಡಿಸಿದ ಮೇಲೆ ಬಿಟ್ಟುಕೊಳ್ಳಬಹುದು. ಸ್ವಲ್ಪ ಬಾಗುವ ಎಪಾಕ್ಸಿ ಅಂಟು ಹಾಕಿದ್ದಾರಾ ಅಂತ ಕೇಳಿ. ಕಲ್ಲಿನ ಮೇಲೆ ಬಿದ್ದರೆ ಅಕ್ರಿಲಿಕ್ ಅಂಚು ಚಕ್ಕೆ ಏಳುತ್ತದೆ. ಮರ ತಗ್ಗು ಬೀಳುತ್ತದೆ, ಮರಳು ಕಾಗದ ಹಾಕಿ ಸರಿ ಮಾಡಬಹುದು.

ಸುಧಾ ಫೋಟೋ (ಟೆಕ್ಸಸ್)

ಇಲ್ಲಿ ಯಾರೂ ಹೇಳದ ಒಂದು ಮುಖ್ಯ ವಿಷಯ ಇದೆ. ಸೊಳ್ಳೆ, ಉಣ್ಣೆಗೆ ಅಂತ ಕೈಗೆ ಹಚ್ಚುವ ಡೀಟ್! ಅದು ಪ್ಲಾಸ್ಟಿಕ್ ತಿನ್ನುತ್ತದೆ. ನನ್ನ ಅಕ್ರಿಲಿಕ್ ಕಾಲ್ ಮೇಲೆ ಬೆರಳಿನ ಗುರುತು ಹಾಗೇ ಮಸುಕಾಗಿ ಕೂತಿದೆ, ಪಾಲಿಶ್ ಹಾಕಿದರೂ ಹೋಗುತ್ತಿಲ್ಲ. ಮಾರಿದ ಅಂಗಡಿಯವರು ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಮರದ ಮೇಲಿನ ವಾರ್ನಿಶ್‌ಗೂ ಅದು ಒಳ್ಳೆಯದಲ್ಲ, ಡಬ್ಬಿಯ ಮೇಲೇ ಎಚ್ಚರಿಕೆ ಇರುತ್ತದೆ. ಅಕ್ರಿಲಿಕ್‌ಗೆ ಸ್ಯಾನಿಟೈಸರ್ ಕೂಡ ಬೇಡ. ಆಲ್ಕೊಹಾಲ್ ತಾಗಿದರೆ ಒಳಗೆ ಕೂದಲಿನಂಥ ಸಣ್ಣ ಬಿರುಕು ಮೂಡಬಹುದು, ಅದರಲ್ಲೂ ಬಿಗಿಯಾಗಿ ಜೋಡಿಸಿದ ಜಾಗದಲ್ಲಿ. ಸಾಬೂನಿನ ಉಗುರುಬೆಚ್ಚಗಿನ ನೀರು ಸಾಕು.

ನಾನು ಬಂದೂಕು ಹಿಡಿಯುವುದಿಲ್ಲ, ಕ್ಯಾಮೆರಾ ಮಾತ್ರ. ನಮ್ಮ ಟೆಕ್ಸಸ್‌ನಲ್ಲಿ ಹೆಚ್ಚಾಗಿ ಇರುವುದು ರಿಯೋ ಗ್ರಾಂಡೆ ಜಾತಿಯ ಟರ್ಕಿ. ಬಾಲದ ತುದಿಯ ಗರಿ ಪೂರ್ವದ ಹಕ್ಕಿಗಿಂತ ತಿಳಿ ಬಣ್ಣ, ಎಳೆ ಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ನಿಂತರೆ ಕಣ್ಣು ತುಂಬುತ್ತದೆ. ನನ್ನಂಥವರಿಗೆ ಒಂದು ಮಾತು: ಬೇಟೆ ಸೀಸನ್ನಿನಲ್ಲಿ ಸರ್ಕಾರಿ ಕಾಡಿನಲ್ಲಿ ಕೂತು ಕಾಲ್ ಮಾಡಬೇಡಿ. ನಿಮ್ಮ ದನಿ ಚೆನ್ನಾಗಿದ್ದಷ್ಟೂ ಅಪಾಯ ಜಾಸ್ತಿ. ಬೇರೆ ಬೇಟೆಗಾರ ಅದನ್ನು ಹಕ್ಕಿ ಅಂತಲೇ ತಿಳಿದು ಹತ್ತಿರ ಬರುತ್ತಾನೆ.

ಮಂಜಿನಹಾದಿ

ಸುಧಾ ಅವರೇ, ಡೀಟ್ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ನಮ್ಮಲ್ಲಿ ಉಣ್ಣೆ ಕಾಟ ವಿಪರೀತ, ಲೈಮ್ ಕಾಯಿಲೆಯ ಭಯ ಬೇರೆ. ಡೀಟ್ ಇಲ್ಲದೆ ಕಾಡಿಗೆ ಹೋಗುವ ಮಾತೇ ಇಲ್ಲ. ಹಾಗಾದರೆ ಬ್ಲ್ಯಾಕ್‌ವುಡ್ ಕಡೆ ವಾಲಬೇಕಾ?

ನಸುಕು

ಅದಕ್ಕೆ ದಾರಿ ಇದೆ. ಡೀಟ್ ಅನ್ನು ಅಂಗೈಗೆ ತಾಗಿಸಬೇಡಿ. ಬಟ್ಟೆಗೆ, ಬೂಟಿಗೆ ಹಿಂದಿನ ದಿನವೇ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆದು ಒಣಗಿಸಿ. ಅದು ಬಟ್ಟೆಗೆ ಮಾತ್ರ, ಮೈಗೆ ಹಚ್ಚುವುದಲ್ಲ. ಪಿಕಾರಿಡಿನ್ ಅಂತ ಇನ್ನೊಂದು ಔಷಧಿ ಬರುತ್ತದೆ, ಅದು ಪ್ಲಾಸ್ಟಿಕ್‌ಗೆ ತೊಂದರೆ ಮಾಡುವುದಿಲ್ಲ. ನಾನು ಅದನ್ನೇ ಬಳಸುತ್ತೇನೆ.

ಜಾರ್ಜಿಯಾ ಪೂವಯ್ಯ

ಅಕ್ರಿಲಿಕ್ ತಗೊಳ್ಳುವವರಿಗೆ ಹಿರಿಯನಾಗಿ ಒಂದು ಎಚ್ಚರಿಕೆ ಕೊಡಲೇಬೇಕು. ಬಣ್ಣ ನೋಡಿ ತಗೊಳ್ಳಿ. ಗಂಡು ಟರ್ಕಿಯ ತಲೆ ವಸಂತದಲ್ಲಿ ಕೆಂಪು, ಬಿಳಿ, ನೀಲಿ. ಅದಕ್ಕೇ ಬೇಟೆ ಪಾಠದಲ್ಲಿ ಈ ಮೂರು ಬಣ್ಣ ಮೈಮೇಲೆ ಬೇಡ, ಸಾಕ್ಸ್ ಕರ್ಚೀಫ್ ಕೂಡ ಬೇಡ ಅಂತ ಹೇಳಿಕೊಡುತ್ತಾರೆ. ಅಕ್ರಿಲಿಕ್‌ನಲ್ಲಿ ಕೆಂಪು ಸುಳಿ, ಮುತ್ತಿನ ಬಿಳಿ, ನೀಲಿ ಅಮೃತಶಿಲೆಯಂಥ ವಿನ್ಯಾಸ ಎಲ್ಲ ಬರುತ್ತವೆ. ನೋಡಲು ಚಂದ. ಆದರೆ ಟ್ರಂಪೆಟ್ ಹಿಡಿಯುವುದು ಎಲ್ಲಿ? ಮುಖದ ಮುಂದೆ. ಕೈ ಅಲುಗುತ್ತಿರುತ್ತದೆ, ದನಿ ಟರ್ಕಿಯದ್ದೇ ಬರುತ್ತಿರುತ್ತದೆ. ಪೊದೆಯ ಆಚೆ ಇರುವವನ ಕಣ್ಣಿಗೆ ಒಂದು ಕ್ಷಣ ಕೆಂಪು ನೀಲಿ ಮಿಂಚಿದರೆ ಏನಾಗಬಹುದು, ಯೋಚನೆ ಮಾಡಿ. ಅಂಥ ಬಣ್ಣದ್ದನ್ನು ಶೋಕೇಸಿನಲ್ಲಿ ಇಡಿ, ಕಾಡಿಗೆ ತರಬೇಡಿ.

ಹೊಳಪೂ ಬೇಡ. ಟರ್ಕಿಯ ಕಣ್ಣು ನಮ್ಮದಕ್ಕಿಂತ ಚುರುಕು, ಬಣ್ಣವೂ ಕಾಣುತ್ತದೆ. ಬಿಸಿಲಿಗೆ ಫಳಕ್ ಅಂದರೆ ಹಕ್ಕಿ ಓಡಿತು ಅಂತಲೇ ಲೆಕ್ಕ.

ಲೇತ್‌ರಾಯ

ಪೂವಯ್ಯ ಅಣ್ಣ ಹೇಳಿದ್ದನ್ನು ಈ ಚರ್ಚೆಯ ಮೇಲೆ ಪಿನ್ ಮಾಡಬೇಕು. ನನ್ನ ಬಳಿ ಯಾರಾದರೂ ಕೆಂಪು ಅಕ್ರಿಲಿಕ್ ಕೇಳಿದರೆ ಬೇಟೆಗಾ ಅಂತ ಕೇಳುತ್ತೇನೆ. ಹೌದು ಅಂದರೆ ಮಾಡಿಕೊಡುವುದಿಲ್ಲ.

ಹೊಳಪಿಗೆ ಪರಿಹಾರ ಸುಲಭ. ಅಕ್ರಿಲಿಕ್‌ನ ಹೊಳಪು ಬರುವುದು ಕೊನೆಯಲ್ಲಿ ನೀರು ಹಾಕಿ ಬಹಳ ನಯವಾದ ಕಾಗದದಿಂದ ತಿಕ್ಕಿ ಪಾಲಿಶ್ ಹಚ್ಚುವುದರಿಂದ. ಆ ಕೊನೆಯ ಹಂತಗಳನ್ನು ಬಿಟ್ಟು 600 ನಂಬರಿನ ಕಾಗದದಲ್ಲಿ ನಿಲ್ಲಿಸಿ ಅಂತ ಮೇಕರ್‌ಗೆ ಹೇಳಿ. ಮಸುಕಾಗಿ ಉಳಿಯುತ್ತದೆ. ಬೋರ್ ಒಳಗೆ ಮಾತ್ರ ನಯವಾಗಿರಲಿ. ಕಡು ಕಂದು, ಕಪ್ಪು, ಪಾಚಿ ಹಸಿರು ಆರಿಸಿ.

ಅರಮನೆ ರಸ್ತೆ (ಮೈಸೂರು)

ನಮಸ್ಕಾರ. ಅಮೆರಿಕದಲ್ಲಿರುವ ತಮ್ಮನಿಂದ ಈ ಹವ್ಯಾಸದ ಬಗ್ಗೆ ಗೊತ್ತಾಯಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಮೇಲೆ ಬೇಟೆ ನಿಷೇಧ, ಹಾಗಾಗಿ ಆಟ ನೋಡುವವನು ನಾನು. ಒಂದು ಕೇಳಬೇಕಿತ್ತು. ನಮ್ಮ ಬೀಟೆ ಮರವೂ ಗಟ್ಟಿ, ಹೊಳಪೂ ಚೆನ್ನ. ಮನೆಯಲ್ಲಿ ಹಳೆಯ ತುಂಡುಗಳಿವೆ. ತಮ್ಮನಿಗೆ ಕಳಿಸಿದರೆ ಟ್ರಂಪೆಟ್ ಆಗುತ್ತಾ?

ಲೇತ್‌ರಾಯ

ಮರವಾಗಿ ಆಗುತ್ತದೆ ಸರ್, ಬಹಳ ಚೆನ್ನಾಗಿಯೇ ಆಗುತ್ತದೆ. ಆದರೆ ದಯವಿಟ್ಟು ಸುಮ್ನೆ ಪಾರ್ಸೆಲ್ ಮಾಡಬೇಡಿ. ಬೀಟೆ, ಕೊಕೊಬೋಲೊ, ಆಫ್ರಿಕನ್ ಬ್ಲ್ಯಾಕ್‌ವುಡ್ ಮೂರೂ ಒಂದೇ ಕುಲದವು, ಡಾಲ್ಬರ್ಜಿಯಾ. 2017ರ ಜನವರಿಯಿಂದ ಆ ಕುಲ ಹೆಚ್ಚುಕಡಿಮೆ ಪೂರ್ತಿಯಾಗಿ ಸೈಟಿಸ್ ಒಪ್ಪಂದದ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. ಕಚ್ಚಾ ಮರ ಗಡಿ ದಾಟಬೇಕಾದರೆ ಕಾಗದಪತ್ರ ಬೇಕು. ಪೂರ್ತಿ ತಯಾರಾದ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಕೊಟ್ಟರು, ಆದರೆ ಮರದ ತುಂಡು ವಾದ್ಯ ಅಲ್ಲವಲ್ಲ. ಕರ್ನಾಟಕದಲ್ಲೂ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು, ನಿಮಗೇ ಗೊತ್ತಿರುತ್ತದೆ.

ಅಮೆರಿಕದಲ್ಲೇ ಬೆಳೆಯುವ ಓಸೇಜ್ ಆರೆಂಜ್ ಇದೆ. ಹಳದಿ ಮರ, ಗಟ್ಟಿ, ಹುಳ ಹಿಡಿಯುವುದಿಲ್ಲ, ನೀರಿಗೂ ಜಗ್ಗುವುದಿಲ್ಲ. ಹೊಲದ ಬೇಲಿಗೆ ನೆಟ್ಟ ಮರ, ಅಗ್ಗವಾಗಿ ಸಿಗುತ್ತದೆ. ಮೊದಮೊದಲು ಕಣ್ಣಿಗೆ ಹೊಡೆಯುವ ಹಳದಿ ಇರುತ್ತದೆ, ಬಿಸಿಲಿಗೆ ಹಳತಾದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಬ್ಲ್ಯಾಕ್‌ವುಡ್‌ಗೆ ಇಷ್ಟೊಂದು ದುಡ್ಡು ಕೊಡುವ ಮೊದಲು ಎಲ್ಲರೂ ಇದನ್ನು ಒಮ್ಮೆ ನೋಡಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಬ್ಲ್ಯಾಕ್‌ವುಡ್ ಬೆಳೆಯುವುದು ಬಹಳ ನಿಧಾನ, ಆಫ್ರಿಕಾದ ಕಾಡಿನಲ್ಲಿ ದೊಡ್ಡ ಮರಗಳು ಕಡಿಮೆಯಾಗುತ್ತಿವೆ. ಅಂಗೈ ಉದ್ದದ ಕಾಲ್‌ಗೆ ಅದೇ ಆಗಬೇಕು ಅಂತೇನಿಲ್ಲ.

ಅರಮನೆ ರಸ್ತೆ

ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಕಳಿಸುವುದಿಲ್ಲ. ನಮ್ಮ ಚನ್ನಪಟ್ಟಣದ ಕುಶಲಕರ್ಮಿಗಳೂ ಲೇತ್‌ನಲ್ಲೇ ಆಟಿಕೆ ತಿರುಗಿಸುವುದು. ಅವರು ಬಳಸುವುದು ಹಾಲೆ ಮರ, ಮೆದು. ಅದು ಇದಕ್ಕೆ ಬರುತ್ತಾ ಅಂತ ಕುತೂಹಲ.

ಲೇತ್‌ರಾಯ

ತಿರುಗಿಸಲು ಸೊಗಸಾದ ಮರ. ಎಳೆ ಬಿಗಿ, ರಂಧ್ರ ಕಡಿಮೆ. ತಿರುಗುತ್ತಿರುವಾಗಲೇ ಅರಗನ್ನು ಒತ್ತಿ ಬಣ್ಣ ಕೂರಿಸುತ್ತಾರಲ್ಲ, ಅದೇ ಪದ್ಧತಿಯನ್ನು ಬೋರ್ ಒಳಗೂ ಮಾಡಲು ಬಂದರೆ ಒಳ್ಳೆಯ ಕಾಲ್ ಆಗಬಹುದು. ಆದರೆ ಅರಗಿಗೆ ಬಿಸಿ ಆಗುವುದಿಲ್ಲ, ಮದ್ಯಸಾರವೂ ಆಗುವುದಿಲ್ಲ. ನೆನಪಿರಲಿ.

ಕಿರಣ್ ಟರ್ನರ್ (ನಾರ್ತ್ ಕ್ಯಾರೊಲಿನಾ)

ನಾನು ಪೆನ್ ತಿರುಗಿಸುವವನು, ಈಗ ಟ್ರಂಪೆಟ್ ಮಾಡಲು ಶುರು ಮಾಡಿದ್ದೇನೆ. ಮಾಡುವವರ ಕಡೆಯಿಂದ ಯಾವುದು ಸುಲಭ ಅಂತ ಲೇತ್‌ರಾಯರು ಸ್ವಲ್ಪ ಹೇಳಬೇಕು. ಅಕ್ರಿಲಿಕ್ ಕೊರೆಯುವಾಗ ಡ್ರಿಲ್ ಬಿಟ್ ಸಿಕ್ಕಿಕೊಂಡು ತೂತಿನ ಒಳಗೆ ಕರಗಿದ ಹಾಗೆ ಆಗುತ್ತಿದೆ.

ಲೇತ್‌ರಾಯ

ಕಿರಣ್, ವೇಗ ಇಳಿಸಿ. ಅಕ್ರಿಲಿಕ್ ನೂರು ಡಿಗ್ರಿ ದಾಟುತ್ತಿದ್ದ ಹಾಗೆ ಮೆತ್ತಗಾಗುತ್ತದೆ. ಡ್ರಿಲ್ ತುದಿಯಲ್ಲಿ ಅಷ್ಟು ಬಿಸಿ ಕ್ಷಣದಲ್ಲಿ ಬರುತ್ತದೆ. ಸ್ವಲ್ಪ ಕೊರೆಯಿರಿ, ಹೊರಗೆ ಎಳೆಯಿರಿ, ಚೂರು ತೆಗೆಯಿರಿ, ಸಾಬೂನು ನೀರು ಚಿಮುಕಿಸಿ, ಮತ್ತೆ ಕೊರೆಯಿರಿ. ಹೊಸದಾಗಿ ಚೂಪು ಮಾಡಿದ ಬಿಟ್ ಇರಲಿ. ಇನ್ನೊಂದು ತುದಿಯಿಂದ ಹೊರಬರುವಾಗ ಒತ್ತಬೇಡಿ, ಚಕ್ಕೆ ಹಾರುತ್ತದೆ. ತುಂಡನ್ನು ಬೇಕಾದ್ದಕ್ಕಿಂತ ಉದ್ದ ಇಟ್ಟುಕೊಂಡು ಕೊನೆಗೆ ಕತ್ತರಿಸಿದರೆ ನೆಮ್ಮದಿ.

ಮರದಲ್ಲಿ ಇನ್ನೊಂದು ಕಷ್ಟ. ಸಪೂರ ಬಿಟ್ ಮರದ ಎಳೆಯನ್ನು ಹಿಂಬಾಲಿಸಿ ಪಕ್ಕಕ್ಕೆ ಓಡುತ್ತದೆ. ಬೋರ್ ಸೊಟ್ಟ ಆಯಿತು ಅಂದರೆ ಒಂದು ಕಡೆ ಗೋಡೆ ತೆಳು. ಹಾಗಾಗಿ ಮೊದಲು ಕೊರೆದು, ಆಮೇಲೆ ಆ ತೂತನ್ನೇ ನಡುವಾಗಿಟ್ಟು ಹೊರಗೆ ತಿರುಗಿಸಿ. ಎರಡಕ್ಕೂ ಈ ಕ್ರಮ ಒಳ್ಳೆಯದು.

ಮಾಸ್ಕ್ ಹಾಕದೆ ಕೊಕೊಬೋಲೊ ಮುಟ್ಟಬೇಡಿ. ಅದರ ಧೂಳಿಗೆ ಎಷ್ಟೋ ಜನರಿಗೆ ಚರ್ಮ ಕೆಂಪಾಗಿ ತುರಿಕೆ ಏಳುತ್ತದೆ, ಬಳಸಿದಷ್ಟೂ ಅಲರ್ಜಿ ಬಲಿಯುತ್ತದೆ. ಅದೇ ಕಾರಣಕ್ಕೆ ಕೊಕೊಬೋಲೊ ಮೌತ್‌ಪೀಸ್ ನಾನು ಮಾಡುವುದೇ ಇಲ್ಲ. ತುಟಿಗೆ ತಾಗುವ ಭಾಗಕ್ಕೆ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಕುತ್ತೇನೆ. ಚೆನ್ನಾಗಿ ತಿರುಗುತ್ತದೆ, ನೀರು ಕುಡಿಯುವುದಿಲ್ಲ, ಹಲ್ಲಿಗೆ ತಾಗಿದರೂ ಒಡೆಯುವುದಿಲ್ಲ.

ಪದ್ಮಾ ಕ್ಲಾರಿನೆಟ್

ಇದು ಬಹಳ ಮುಖ್ಯ ಅಂತ ನನಗನ್ನಿಸುತ್ತದೆ. ಬ್ಯಾರೆಲ್ ಯಾವುದರದ್ದು ಅಂತ ಇಷ್ಟು ಚರ್ಚೆ ಆಯಿತು. ಆದರೆ ತುಟಿ ಕೂರುವ ಮೌತ್‌ಪೀಸೇ ದನಿಯ ಬಾಗಿಲು. ಕಲಿಯುವವರಿಗೆ ಲಿಪ್ ಸ್ಟಾಪ್ (ತುಟಿ ತಾಗಿ ನಿಲ್ಲುವ ಬಳೆ) ಹಿಂದೆ ಮುಂದೆ ಸರಿಸಲು ಬರುವಂಥದ್ದು ಸಿಕ್ಕರೆ ತಗೊಳ್ಳಿ. ಮೌತ್‌ಪೀಸ್ ತುಟಿಯೊಳಗೆ ಎಷ್ಟು ಹೋಗಬೇಕು ಅನ್ನುವುದು ಒಬ್ಬೊಬ್ಬರ ತುಟಿಗೆ ಒಂದೊಂದು ರೀತಿ. ಒಮ್ಮೆ ಜಾಗ ಸಿಕ್ಕ ಮೇಲೆ ಪ್ರತಿ ಸಲ ಅದೇ ಜಾಗಕ್ಕೆ ಬರಲು ಲಿಪ್ ಸ್ಟಾಪ್ ಬೇಕು.

ಜಾರ್ಜಿಯಾ ಪೂವಯ್ಯ

ಮಗನ ಜೊತೆ ಪರೀಕ್ಷೆ ಮಾಡಿದೆ. ಅವನು ಹಿತ್ತಲಿನ ಆ ತುದಿ, ನಾನು ಈ ತುದಿ, ಬೆನ್ನು ತಿರುಗಿಸಿ ನಿಂತೆ. ನನ್ನ ವಾಲ್‌ನಟ್ಟನ್ನು ಪ್ರತಿ ಸಲ ಗುರುತಿಸಿದೆ. ಆದರೆ ಅವನ ಬ್ಲ್ಯಾಕ್‌ವುಡ್ ಯಾವುದು, ಅವನ ಗೆಳೆಯನ ಅಕ್ರಿಲಿಕ್ ಯಾವುದು ಅಂತ ಹೇಳಲು ಆಗಲಿಲ್ಲ. ಲೇತ್‌ರಾಯರು ಹೇಳಿದ ಗಟ್ಟಿ, ಮೆದು ಅನ್ನುವ ಗೆರೆ ನನಗೂ ಈಗ ಸರಿ ಕಾಣುತ್ತದೆ. ನಾನು ವಾಲ್‌ನಟ್ ಬಿಡುವುದಿಲ್ಲ. ಆ ಒರಟು ದನಿ ನನಗೆ ಬೇಕು, ಒಳಗೆ ಫಿನಿಶ್ಶೂ ಹಾಕಿಸುವುದಿಲ್ಲ. ಮಳೆ ಬಂದರೆ ಜಿಪ್ ಚೀಲದಲ್ಲಿ ಹಾಕಿಕೊಳ್ಳುತ್ತೇನೆ, ಮನೆಗೆ ಬಂದ ತಕ್ಷಣ ಚೀಲದಿಂದ ತೆಗೆದು ನೆರಳಿನಲ್ಲಿ ಒಣಗಿಸುತ್ತೇನೆ. ಹೀಟರ್ ಮುಂದೆ ಇಡಬಾರದು.

ಮಂಜಿನಹಾದಿ

ಎಲ್ಲರಿಗೂ ತುಂಬಾ ಧನ್ಯವಾದ. ಮೇಕರ್ ಜೊತೆ ಮಾತಾಡಿದೆ. ಮೂರಕ್ಕೂ ಒಂದೇ ಬಿಟ್, ಒಂದೇ ಆಳ, ಒಂದೇ ಡೆಲ್ರಿನ್ ಮೌತ್‌ಪೀಸ್ ಅಂತ ಹೇಳಿದರು. ಮಸುಕು ಮಾಡಿದ ಕಡು ಕಂದು ಅಕ್ರಿಲಿಕ್‌ಗೆ ಆರ್ಡರ್ ಕೊಟ್ಟಿದ್ದೇನೆ. ಮಳೆಯ ಕಾಡಿಗೆ ಅದು ಇರಲಿ. ಕೈ ಕುದುರಿದ ಮೇಲೆ ಓಸೇಜ್ ಆರೆಂಜ್‌ನಲ್ಲಿ ಒಂದು ಮಾಡಿಸುವ ಆಸೆ. ಈಗ ಕೊನೆಯ ಪ್ರಶ್ನೆ: ಕಾಲ್ ಕೈಗೆ ಬರುವವರೆಗೆ ಅಭ್ಯಾಸ ಹೇಗೆ ಶುರು ಮಾಡಲಿ?

ಲೇತ್‌ರಾಯ

ಈಗಲೇ ಶುರು ಮಾಡಬಹುದು. ನಿಮ್ಮ ಮುಂಗೈಗೆ ತುಟಿ ಒತ್ತಿ, ಮುತ್ತಿಡುವ ಹಾಗೆ ಚಿಕ್ಕದಾಗಿ ಗಾಳಿ ಎಳೆಯಿರಿ. ಕೆನ್ನೆ ಒಳಗೆ ಹೋಗಬಾರದು, ಎದೆಯಿಂದ ಎಳೆಯಬಾರದು, ಬಾಯಿಯಿಂದ ಮಾತ್ರ. ಕಾಲ್ ಬಂದ ಮೇಲೆ ಮೊದಲು ಬರೀ ಕ್ಲಕ್, ಒಂದೊಂದೇ. ಅದು ಶುದ್ಧವಾಗಿ ಬಂದ ಮೇಲೆ ಯೆಲ್ಪ್, ಅಂದರೆ ಹೆಣ್ಣು ಟರ್ಕಿಯ ಸಾಮಾನ್ಯ ಕೂಗು. ಯೆಲ್ಪ್‌ನಲ್ಲಿ ಎರಡು ಸ್ವರ ಇರುತ್ತದೆ, ಮೇಲಿನಿಂದ ಕೆಳಗೆ ಮುರಿಯಬೇಕು. ಆ ಮುರಿತ ತುಟಿ ಸಡಿಲ ಬಿಡುವುದರಿಂದ ಬರುತ್ತದೆ. ಜೋರಾಗಿ ಎಳೆದರೆ ಬರುವುದಿಲ್ಲ. ಎರಡೂ ಕೈಯನ್ನು ಬೆಲ್ ಸುತ್ತ ಬಟ್ಟಲು ಮಾಡಿ, ತೆರೆದು ಮುಚ್ಚಿ ದನಿ ತಿದ್ದಿಕೊಳ್ಳಿ. ಮರಿಗಳ ಕೀ-ಕೀ ಕೂಗು ಟ್ರಂಪೆಟ್‌ನಲ್ಲಿ ಬಹಳ ಚೆನ್ನಾಗಿ ಬರುತ್ತದೆ, ಅದನ್ನು ಶರತ್ಕಾಲದ ಸೀಸನ್‌ಗೆ ಇಟ್ಟುಕೊಳ್ಳಿ. ಪರ್ ಅನ್ನುವ ಗುರುಗುಟ್ಟುವ ಸದ್ದು ಇದರಲ್ಲಿ ಕಷ್ಟ, ಅದಕ್ಕೆ ಬೇರೆ ಕಾಲ್ ಬಳಸಿ.

ದಿನಾ ಸ್ವಲ್ಪ ಹೊತ್ತು ಮಾಡಿದರೆ ಸಾಕು. ತುಟಿ ದಣಿದ ಮೇಲೆ ಮುಂದುವರಿಸಿದರೆ ತಪ್ಪು ಅಭ್ಯಾಸ ಕೂರುತ್ತದೆ. ರೆಕಾರ್ಡ್ ಮಾಡಿ ಇಲ್ಲಿ ಹಾಕಿ, ಕೇಳಿ ಹೇಳುತ್ತೇವೆ.